ಕಾಲಿನ ತುಂಡು ಯಾರ ತಟ್ಟೆಗೆ?

(ಕುಮಟಾದಲ್ಲಿ ಮಳೆಗಾಲದ ಒಂದು ಮಧ್ಯಾಹ್ನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿ, ತದಡಿಯಲ್ಲಿ, ಹೊನ್ನಾವರದಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿವೆ. ಪೇಟೆಯಲ್ಲಿ ಬಂಗಡೆ ಕಂಡರೂ ರೇಟು ಕೇಳಿ ಬರಿಗೈಯಲ್ಲಿ ಮನೆಗೆ ಬರುವ ದಿನಗಳಿವು. ಹಾಗಾಗಿ ಈ ಎರಡು ತಿಂಗಳು ನಮ್ಮ ಮನೆಗಳಲ್ಲಿ ಮೀನಿನ ಜಾಗದಲ್ಲಿ ಕೋಳಿ. ಸಂಘದವರು ನನಗೆ ಕೊಟ್ಟ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು: ಮೈಗೆ ಕೋಳಿ ಒಳ್ಳೆಯದೋ, ದನ, ಎಮ್ಮೆ, ಆಡಿನಂಥ ಕೆಂಪು ಮಾಂಸ ಒಳ್ಳೆಯದೋ? ಗೋವಾದಲ್ಲಿ ಕೆಲಸಕ್ಕಿರುವ, ಕೊಲ್ಲಿ ದೇಶಗಳಲ್ಲಿರುವ ಮಕ್ಕಳು ಫೋನ್ ಮಾಡಿ, ‘ಇಲ್ಲಿ ಬೀಫ್ ಸಿಗ್ತದೆ, ತಿಂದ್ರೆ ಶಕ್ತಿ ಬರ್ತದಂತೆ, ಹೌದಾ?’ ಎಂದು ಕೇಳುತ್ತಾರಂತೆ.

ಯಾರು ಏನು ತಿನ್ನಬೇಕು ಎಂದು ಹೇಳಲು ನಾನು ಬಂದಿಲ್ಲ. ಅದು ಅವರವರ ಮನೆ, ಅವರವರ ದೇವರು, ಅವರವರ ನಾಲಿಗೆಗೆ ಬಿಟ್ಟದ್ದು. ಕಾನೂನಿನ ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ ದನ, ಎತ್ತು, ಕರುಗಳ ವಧೆಗೆ ನಿಷೇಧವಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ನಾನು ದನದ ಮಾಂಸದ ಅಂಕಿ ಹೇಳುವಾಗ ಅದು ಹೊರಗಿರುವ ನಿಮ್ಮ ಮಕ್ಕಳ ಪ್ರಶ್ನೆಗೆ ಉತ್ತರ. ಅಂಕಿಗಳು ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯವು, ಎಲ್ಲವೂ ಬೇಯಿಸಿದ 100 ಗ್ರಾಂ ಮಾಂಸಕ್ಕೆ, ಎಲುಬು ಬಿಟ್ಟು. ಬೇಯಿಸಿದ್ದು ಎಂಬುದನ್ನು ನೆನಪಿಡಿ. ಹಸಿ ಮಾಂಸ ಬೆಂದಾಗ ನೀರು ಬಿಟ್ಟು ಕಾಲು ಭಾಗದಷ್ಟು ತೂಕ ಇಳಿಯುತ್ತದೆ. ಮೊಬೈಲಿನಲ್ಲಿ ಓಡಾಡುವ ಎಷ್ಟೋ ಹೋಲಿಕೆಗಳಲ್ಲಿ ಒಂದು ಕಡೆ ಹಸಿ ಮಾಂಸ, ಇನ್ನೊಂದು ಕಡೆ ಬೇಯಿಸಿದ್ದು ಇರುತ್ತದೆ. ಅಲ್ಲಿಗೆ ಲೆಕ್ಕವೇ ಕೆಟ್ಟಿತು.

ಪ್ರೋಟೀನಿನ ಮಾತು ಬೇಗ ಮುಗಿಯುತ್ತದೆ. ಚರ್ಮ ತೆಗೆದ ಕೋಳಿಯ ಎದೆ ಮಾಂಸದಲ್ಲಿ 31 ಗ್ರಾಂ. ಮಧ್ಯಮ ಕೊಬ್ಬಿನ ದನದ ಕೈಮಾದಲ್ಲಿ 26. ಎಮ್ಮೆಯ ಮಾಂಸದಲ್ಲಿ 27ರ ಆಸುಪಾಸು, ನಾವು ಮಟನ್ ಎಂದು ತರುವ ಆಡಿನ ಮಾಂಸದಲ್ಲೂ ಅಷ್ಟೇ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಯಾವ ಮಾಂಸ ತಿಂದರೂ ಪ್ರೋಟೀನಿನ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ‘ಬೀಫ್ ತಿಂದರೆ ಮೈ ಗಟ್ಟಿ, ಕೋಳಿ ತಿಂದರೆ ಬರೀ ಗಾಳಿ’ ಎನ್ನುವ ಮಾತಿಗೆ ಪ್ರೋಟೀನಿನ ಲೆಕ್ಕದಲ್ಲಿ ಆಧಾರವಿಲ್ಲ.

ಕೊಬ್ಬಿನಲ್ಲಿ ವ್ಯತ್ಯಾಸವಿದೆ. ಚರ್ಮ ತೆಗೆದ ಕೋಳಿಯ ಎದೆಯಲ್ಲಿ 3.6 ಗ್ರಾಂ ಕೊಬ್ಬು, 165 ಕ್ಯಾಲರಿ. ದನದ ಕೈಮಾದಲ್ಲಿ 15 ಗ್ರಾಂ ಕೊಬ್ಬು, 250 ಕ್ಯಾಲರಿ. ಆ ಕೊಬ್ಬಿನಲ್ಲಿ 6 ಗ್ರಾಂನಷ್ಟು ಹೃದಯಕ್ಕೆ ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು. ಹಾಗೆಂದು ಕೆಂಪು ಮಾಂಸವೆಲ್ಲ ಕೊಬ್ಬಿನ ಗಡ್ಡೆ ಎಂದುಕೊಳ್ಳಬೇಡಿ. ಎಮ್ಮೆಯ ಮಾಂಸದಲ್ಲಿ ಎರಡು ಗ್ರಾಂಗೂ ಕಡಿಮೆ ಕೊಬ್ಬು, ಆಡಿನದರಲ್ಲಿ ಮೂರು ಗ್ರಾಂ. ಅಂದರೆ ಮೇಲೆ ಕಾಣುವ ಬಿಳಿ ಕೊಬ್ಬನ್ನು ಕತ್ತರಿಸಿ ತೆಗೆದ ಮಟನ್ ಕೋಳಿಯ ಎದೆಗಿಂತ ತೆಳ್ಳಗೆ. ಕೋಳಿಯಂಗಡಿಯಲ್ಲಿ ‘ವಿತ್ ಸ್ಕಿನ್ನಾ, ಸ್ಕಿನ್‌ಲೆಸ್ಸಾ’ ಎಂದು ಕೇಳುತ್ತಾರಲ್ಲ, ಕೋಳಿಯ ಕೊಬ್ಬಿನ ಬಹುಪಾಲು ಆ ಒಂದು ಪ್ರಶ್ನೆಯಲ್ಲೇ ತೀರ್ಮಾನವಾಗುತ್ತದೆ.

ಆದರೆ ನಮ್ಮ ಕರಾವಳಿಯ ಅಡುಗೆಯಲ್ಲಿ ಕೊಬ್ಬಿನ ಲೆಕ್ಕ ಕೋಳಿಯಂಗಡಿಯಲ್ಲಿ ಮುಗಿಯುವುದಿಲ್ಲ. ಒಂದು ಕಿಲೋ ಸ್ಕಿನ್‌ಲೆಸ್ ಕೋಳಿ ತಂದಿರಿ ಅನ್ನಿ. ಎಲುಬು ಕಳೆದರೆ ಆ ಮಾಂಸದಲ್ಲಿರುವ ಕೊಬ್ಬು ಸುಮಾರು 30 ಗ್ರಾಂ. ಸಾರಿಗೆ ಒಂದು ಇಡೀ ಕಾಯಿ ತುರಿದು ಬೀಸಿ ಹಾಕುತ್ತೀರಿ. ಒಂದು ಕಾಯಿಯ ತುರಿ 200 ಗ್ರಾಂ ಎಂದರೂ ಅದರಲ್ಲಿ 65 ಗ್ರಾಂ ಕೊಬ್ಬು, ಬಹುಪಾಲು ಸ್ಯಾಚುರೇಟೆಡ್. ಅಂದರೆ ಕೋಳಿ ತಂದದ್ದರ ಎರಡು ಪಟ್ಟು ಕೊಬ್ಬನ್ನು ತೆಂಗಿನಕಾಯಿ ತಂದಿತು. ಕಾಯಿ ಬಿಡಿ ಎಂದು ನಾನು ಹೇಳುವುದಿಲ್ಲ. ಕಾಯಿ ಇಲ್ಲದ ಕೋಳಿ ಸಾರನ್ನು ನಾನೂ ಉಣ್ಣಲಾರೆ. ಆದರೆ ಮನೆಯಲ್ಲಿ ಹಾರ್ಟಿನ ತೊಂದರೆ ಇದ್ದವರಿಗೆ ‘ಮಟನ್ ಬೇಡ, ಕೋಳಿ ತಿನ್ನಿ’ ಎಂದು ಡಾಕ್ಟರು ಹೇಳಿದ್ದಾರೆಂದು ಎರಡೆರಡು ಸೌಟು ದಪ್ಪ ರಸ ಸುರಿದುಕೊಂಡರೆ ಡಾಕ್ಟರ ಮಾತು ಪಾಲಿಸಿದಂತಾಗುವುದಿಲ್ಲ. ಅರ್ಧ ಕಾಯಿ ಹಾಕಿ, ಉಳಿದದ್ದಕ್ಕೆ ಈರುಳ್ಳಿ ಹುರಿದು ಬೀಸಿ. ಸಾರು ದಪ್ಪಗೇ ಆಗುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತು. ಅದು ರಕ್ತದ್ದು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ 65.5. ಈ ಸಭೆಯಲ್ಲಿ ಕುಳಿತವರಿಗೂ ಆ ಅಂಕಿ ಅನ್ವಯಿಸಿದರೆ ಎರಡು ಕುರ್ಚಿಗೆ ಒಂದು. ‘ರಕ್ತ ಕಮ್ಮಿ ಇದೆ’ ಎಂದು ಆಸ್ಪತ್ರೆಯಲ್ಲಿ ಹೇಳಿದ ಕೂಡಲೇ ಮನೆಯವರು ಏನು ಮಾಡುತ್ತಾರೆ? ಕೋಳಿ ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಕಬ್ಬಿಣಾಂಶದ ಮಟ್ಟಿಗೆ ಕೋಳಿಯ ಎದೆ ಮಾಂಸ ಬಹಳ ಬಡವು. ನೂರು ಗ್ರಾಂಗೆ ಒಂದು ಮಿಲಿಗ್ರಾಂ. ದನದ ಕೈಮಾದಲ್ಲಿ 2.6, ಎಮ್ಮೆಯದರಲ್ಲಿ 2.1, ಆಡಿನದರಲ್ಲಿ 3.7. ಮುಟ್ಟು ನಿಲ್ಲದ ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ. ಗಂಡಸಿಗೆ 19 ಸಾಕು. ಕೋಳಿಯ ಎದೆ ತಿಂದು ರಕ್ತ ಏರಿಸಿಕೊಳ್ಳುವುದು ಆಗದ ಮಾತು.

ಯಾಕೆ ಹೀಗೆ? ಮಾಂಸದ ಕೆಂಪು ಬಣ್ಣ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ, ಅದರ ನಡುವೆ ಕೂತಿರುವುದು ಕಬ್ಬಿಣ. ಹೆಚ್ಚು ಹೊತ್ತು ದುಡಿಯುವ ಸ್ನಾಯುವಿನಲ್ಲಿ ಅದು ಹೆಚ್ಚು. ಕೋಳಿ ಹಾರುವುದು ಅಪರೂಪ, ಎದೆಯ ಸ್ನಾಯುವಿಗೆ ಕೆಲಸವಿಲ್ಲ, ಅದಕ್ಕೇ ಬಿಳಿ. ನಡೆಯುವುದು, ಕೆದಕುವುದು ಇಡೀ ದಿನ. ಅದಕ್ಕೇ ಕಾಲಿನ ಮಾಂಸ ಕಂದು. ಅಂಗಳದಲ್ಲಿ ಓಡಾಡಿದ ಊರ ಕೋಳಿಯ ತೊಡೆಯನ್ನು ಬಾಯ್ಲರ್ ಕೋಳಿಯ ತೊಡೆಯ ಪಕ್ಕ ಇಟ್ಟು ನೋಡಿ, ಬಣ್ಣವೇ ಹೇಳುತ್ತದೆ. ಒಂದೇ ಕೋಳಿಯಲ್ಲೂ ಎದೆಗಿಂತ ಕಾಲಿನಲ್ಲಿ ಕಬ್ಬಿಣ ಸ್ವಲ್ಪ ಹೆಚ್ಚು, ಜಿಂಕ್ ಎರಡು ಪಟ್ಟಿಗೂ ಹೆಚ್ಚು.

ಬಿ12 ಜೀವಸತ್ವದಲ್ಲೂ ಕೋಳಿ ಹಿಂದೆಯೇ. ಎದೆ ಮಾಂಸದಲ್ಲಿ 0.3 ಮೈಕ್ರೋಗ್ರಾಂ, ಎಮ್ಮೆಯದರಲ್ಲಿ 1.75, ದನದ್ದರಲ್ಲಿ 2.6. ಕೆಂಪು ರಕ್ತಕಣ ಸರಿಯಾಗಿ ಬೆಳೆಯಲು ಬಿ12 ಬೇಕು, ನರಗಳಿಗೂ ಬೇಕು. ಕೈಕಾಲು ಜೋಮು ಹಿಡಿಯುತ್ತದೆ ಎಂದು ಹೇಳುವ ಎಷ್ಟೋ ಮಂದಿಗೆ ಮೊದಲು ನೋಡಬೇಕಾದ್ದು ಇದನ್ನೇ. ಆದ್ದರಿಂದ ಕೊಲ್ಲಿಯಿಂದ ಫೋನ್ ಮಾಡುವ ಮಗನಿಗೆ ಹೀಗೆ ಹೇಳಿ: ರಕ್ತ, ಬಿ12, ಜಿಂಕ್ ನೋಡುವುದಾದರೆ ಕೆಂಪು ಮಾಂಸ ಮುಂದು, ಹೊಟ್ಟೆಯ ಸುತ್ತಳತೆ, ಹಾರ್ಟ್ ನೋಡುವುದಾದರೆ ಚರ್ಮ ತೆಗೆದ ಕೋಳಿ ಮುಂದು. ಜೊತೆಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದೂ, ಕೆಂಪು ಮಾಂಸ ಬಹುಶಃ ಕಾರಣವಾಗಬಹುದು ಎಂದೂ ವಿಂಗಡಿಸಿತು. ಆ ಕೆಂಪು ಮಾಂಸದ ಪಟ್ಟಿಯಲ್ಲಿ ಮಟನ್ ಕೂಡ ಇದೆ. ವಾರಕ್ಕೆ ಬೇಯಿಸಿದ್ದು ಅರ್ಧ ಕಿಲೋ ದಾಟದಿದ್ದರೆ ಸಾಕು ಎನ್ನುವುದು ಈಗ ಕ್ಯಾನ್ಸರ್ ತಜ್ಞರು ಹೇಳುವ ಮಿತಿ. ಪ್ಯಾಕೆಟ್ಟಿನ ಸಾಸೇಜು ದನದ್ದಾಗಲಿ ಕೋಳಿಯದಾಗಲಿ, ರೂಢಿ ಮಾಡಿಕೊಳ್ಳುವುದು ಬೇಡ.

ಇಷ್ಟು ಹೊತ್ತು ಪಟ್ಟಿ ಓದಿದೆ. ತಟ್ಟೆಯಲ್ಲಿ ಯಾವ ತುಂಡು ಯಾರಿಗೆ ಬೀಳುತ್ತದೆ ಎನ್ನುವುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಅದನ್ನು ನೀವೇ ಬಲ್ಲಿರಿ. ಒಂದು ಕೋಳಿ, ಎರಡು ಕಾಲು. ಒಂದು ಯಜಮಾನರಿಗೆ, ಇನ್ನೊಂದು ಮಗನಿಗೆ. ಲಿವರ್ ಇದ್ದರೆ ಸಣ್ಣ ಮೊಮ್ಮಗನಿಗೆ, ಇಲ್ಲವೇ ಸಂಜೆ ಗೆಳೆಯರೊಡನೆ ಕೂರುವವರ ಪ್ಲೇಟಿಗೆ. ನೆಂಟರು ಬಂದರೆ ಎದೆಯ ದೊಡ್ಡ ತುಂಡೂ ಹೋಯಿತು. ಎಲ್ಲರದೂ ಮುಗಿದ ಮೇಲೆ ಒಲೆಯ ಹತ್ತಿರ ಕೂತು ಉಣ್ಣುವ ಸೊಸೆಗೆ ಕುತ್ತಿಗೆ, ಬೆನ್ನೆಲುಬು ಮತ್ತು ಪಾತ್ರೆಯ ತಳದ ರಸ. ಆ ರಸದಲ್ಲಿ ಕಾಯಿಯ ಕೊಬ್ಬಿದೆ, ಮಸಾಲೆಯಿದೆ. ಅವಳಿಗೆ ಬೇಕಾದ ಕಬ್ಬಿಣ ಇಲ್ಲ. ಮನೆಯಲ್ಲಿ ಪ್ರತಿ ತಿಂಗಳೂ ರಕ್ತ ಕಳೆದುಕೊಳ್ಳುವವಳು ಅವಳು, ಬಸುರಿ ಬಾಣಂತನ ಕಂಡವಳು ಅವಳು, ದಿನಕ್ಕೆ 29 ಮಿಲಿಗ್ರಾಂ ಬೇಕಾದವಳು ಅವಳು. 19 ಸಾಕಾದವರ ತಟ್ಟೆಯಲ್ಲಿ ಕಾಲು, ಲಿವರ್ ಎರಡೂ. ಕೋಳಿ ಮೇಲೋ ದನ ಮೇಲೋ ಎಂಬ ಚರ್ಚೆಗಿಂತ ಇದು ನನಗೆ ಹೆಚ್ಚು ದೊಡ್ಡ ವಿಷಯ. ಇದನ್ನು ಹೇಳಲಿಕ್ಕಾಗಿಯೇ ನಾನು ಇಲ್ಲಿಗೆ ಬಂದೆ. ಅತ್ತೆಯಂದಿರು ಇಲ್ಲಿ ಬಹಳ ಮಂದಿ ಇದ್ದೀರಿ. ಸೌಟು ನಿಮ್ಮ ಕೈಯಲ್ಲಿದೆ. ಊಟಕ್ಕೆ ಕರೆಯುವ ಮೊದಲೇ ಒಂದು ಕಾಲು, ಒಂದಿಷ್ಟು ಲಿವರ್ ಬೇರೆ ಬಟ್ಟಲಿಗೆ ತೆಗೆದಿಡಿ. ಯಾರೂ ಕೇಳುವುದಿಲ್ಲ, ಕೇಳಿದರೆ ‘ಡಾಕ್ಟರು ಹೇಳಿದ್ದಾರೆ’ ಅನ್ನಿ.

ಲಿವರ್ ಎಂದೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಕೋಳಿಯೊಳಗೆ ಕೆಂಪು ಮಾಂಸವನ್ನೂ ಮೀರಿಸುವ ಭಾಗ ಅದು. ಬೇಯಿಸಿದ ನೂರು ಗ್ರಾಂ ಕೋಳಿ ಲಿವರಿನಲ್ಲಿ ಕಬ್ಬಿಣ 11.6 ಮಿಲಿಗ್ರಾಂ, ಬಿ12 ಸುಮಾರು 17 ಮೈಕ್ರೋಗ್ರಾಂ, ಫೋಲೇಟ್ ಎಂಬ ಇನ್ನೊಂದು ಜೀವಸತ್ವ 500 ಮೈಕ್ರೋಗ್ರಾಂಗೂ ಮೇಲೆ. ಎದೆ ಮಾಂಸಕ್ಕೆ ಹೋಲಿಸಿದರೆ ಕಬ್ಬಿಣ ಹನ್ನೊಂದು ಪಟ್ಟು. ಬೆಲೆ ಮಾಂಸಕ್ಕಿಂತ ಕಡಿಮೆ.

ಲಿವರಿಗೂ ರಕ್ತಕ್ಕೂ ಇರುವ ನಂಟು ವೈದ್ಯಶಾಸ್ತ್ರದ ದೊಡ್ಡ ಕಥೆಗಳಲ್ಲೊಂದು. ನೂರು ವರ್ಷದ ಹಿಂದೆ ‘ಪರ್ನಿಷಿಯಸ್ ಅನೀಮಿಯಾ’ ಎಂಬ ರಕ್ತಹೀನತೆ ಬಂದರೆ ಸಾವೇ ಗತಿ. 1926ರಲ್ಲಿ ಬಾಸ್ಟನ್ನಿನ ಮಿನೊ ಮತ್ತು ಮರ್ಫಿ ಎಂಬ ವೈದ್ಯರು ಅಂಥ ರೋಗಿಗಳಿಗೆ ದಿನವೂ ರಾಶಿ ಲಿವರ್ ತಿನ್ನಿಸಿದರು. ಸಾಯಬೇಕಾದವರು ಎದ್ದು ಓಡಾಡಿದರು. 1934ರಲ್ಲಿ ವಿಪಲ್ ಎಂಬ ಇನ್ನೊಬ್ಬ ಅಮೆರಿಕನ್ ವೈದ್ಯರೊಂದಿಗೆ ಇಬ್ಬರಿಗೂ ನೊಬೆಲ್ ಬಂತು. ಲಿವರಿನೊಳಗಿನ ಆ ವಸ್ತು ಬಿ12 ಎಂದು ಗೊತ್ತಾದದ್ದು 1948ರಲ್ಲಿ. ಇನ್ನೊಂದು ಕಥೆ ನಮ್ಮದೇ ಪಶ್ಚಿಮ ಕರಾವಳಿಯದು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರು ಏನು ಉಣ್ಣುತ್ತಾರೆ ಎಂದು ನೋಡಿ, ಯೀಸ್ಟ್ ಸಾರದಿಂದ ಅವರನ್ನು ಗುಣಪಡಿಸಬಹುದೆಂದು 1931ರಲ್ಲಿ ಪ್ರಕಟಿಸಿದರು. ಆ ಯೀಸ್ಟಿನಲ್ಲಿದ್ದ ವಸ್ತು ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ಇವತ್ತು ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಇರುವುದು ಅದೇ. ಮುಂಬೈಯ ಆ ಬಡ ಹೆಂಗಸರಿಂದ ಕಲಿತ ಪಾಠವನ್ನೇ ನಾವು ಮಾತ್ರೆಯಾಗಿ ನುಂಗುತ್ತಿದ್ದೇವೆ.

ಎಚ್ಚರಿಕೆಯೊಂದಿದೆ. ಲಿವರಿನಲ್ಲಿ ಎ ಜೀವಸತ್ವ ವಿಪರೀತ. ಬಸುರಿಯರಲ್ಲಿ ಅದು ಅತಿಯಾದರೆ ಮಗುವಿಗೆ ತೊಂದರೆಯಾಗಬಹುದು, ಆದ್ದರಿಂದ ಬಸುರಿಯರು ಲಿವರ್ ತಿನ್ನುವುದು ಬೇಡ. ಅವರಿಗೆ ಮಾತ್ರೆ, ಮೀನು, ಮಟನ್ ಸಾಕು. ಉಳಿದವರಿಗೆ ವಾರಕ್ಕೊಮ್ಮೆ ನಾಲ್ಕು ತುಂಡು ಧಾರಾಳ. ಯೂರಿಕ್ ಆಸಿಡ್, ಗಂಟುನೋವು ಇದ್ದವರು ಡಾಕ್ಟರನ್ನು ಕೇಳಿ. ಒಳಗೆ ಕೆಂಪು ಉಳಿಯದಂತೆ ಪೂರ್ತಿ ಬೇಯಿಸಿ.

ಕೋಳಿ, ದನ, ಆಡು ಇಷ್ಟನ್ನೇ ಹೇಳಿ ಹೋದರೆ ಅಘನಾಶಿನಿಯ ದಡದ ಜನಕ್ಕೆ ಅನ್ಯಾಯ ಮಾಡಿದಂತೆ. ಇಳಿತದ ಹೊತ್ತಿಗೆ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಇಲ್ಲೇ ಇದ್ದೀರಿ. ಕಾರವಾರದವರು ತಿಸ್ರೆ ಎನ್ನುವುದೂ ಅದನ್ನೇ. ಕೊಬ್ಬು ಅತ್ಯಲ್ಪ, ಕಬ್ಬಿಣ ಕೋಳಿಯ ಎದೆಗಿಂತ ಹೆಚ್ಚು, ಬಿ12 ಅಂತೂ ದನದ ಮಾಂಸವನ್ನೂ ಹಿಂದೆ ಹಾಕುವಷ್ಟು. ಬಂಡೆಗೆ ಅಂಟಿ ಬೆಳೆಯುವ ಕಾಲ್ವಾದಷ್ಟು ಜಿಂಕ್ ಬೇರೆ ಯಾವ ಆಹಾರದಲ್ಲೂ ಇಲ್ಲ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮನ್ನಣೆ ಸಿಕ್ಕಿತು, ಜಗತ್ತು ಗುರುತಿಸಿದ ಜೌಗುಪ್ರದೇಶ ಅದು. ಹೆಕ್ಕಿದ್ದನ್ನೆಲ್ಲ ಮಾರಿ, ಬಂದ ದುಡ್ಡಿನಲ್ಲಿ ಬಾಯ್ಲರ್ ಕೋಳಿ ತರುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಾರಿ, ದುಡ್ಡು ಬೇಕು. ಒಂದು ಹೊತ್ತಿನ ಸಾರಿಗಾಗುವಷ್ಟು ಮನೆಗೂ ಇಟ್ಟುಕೊಳ್ಳಿ. ಬೇಯಿಸಿದಾಗ ಬಾಯಿ ಬಿಡದ ಚಿಪ್ಪನ್ನು ಮಾತ್ರ ಎಸೆದುಬಿಡಿ.

ನಮ್ಮ ಅಜ್ಜಿಯರ ಬಸಳೆ ಸಾರಿನಲ್ಲಿ ಒಣ ಸಿಗಡಿ ಇರುತ್ತಿತ್ತು. ರುಚಿಗೆಂದು ಹಾಕುತ್ತಿದ್ದರು, ಅದರಿಂದ ಇನ್ನೊಂದು ಲಾಭವೂ ಇತ್ತು. ಸೊಪ್ಪು, ಬೇಳೆಯ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಚೆನ್ನಾಗಿ ಹತ್ತುತ್ತದೆ, ಸಾಲದ್ದಕ್ಕೆ ಮಾಂಸವು ಅದೇ ಊಟದಲ್ಲಿರುವ ಸೊಪ್ಪಿನ ಕಬ್ಬಿಣವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಮೀನು, ಸಿಗಡಿ, ಕೋಳಿ ಯಾವುದರ ಸಣ್ಣ ತುಂಡಾದರೂ ಈ ಕೆಲಸ ಮಾಡುತ್ತದೆ. ಹೀಗಾಗಿ ಕೋಳಿಯ ಎದೆ ಮಾಂಸವೂ ವ್ಯರ್ಥವಲ್ಲ, ಹರಿವೆ ಸೊಪ್ಪಿನ ಪಲ್ಯದ ಜೊತೆ ಬರಲಿ. ಮೇಲೊಂದು ನಿಂಬೆಹೋಳು ಹಿಂಡಿ. ಹುಳಿ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಸಾರಿಗೆ ಇಳಿಯುತ್ತದೆ. ಊಟವಾದ ಕೂಡಲೇ ಚಾ ಕುಡಿಯುವುದನ್ನು ಮಾತ್ರ ಬಿಡಿ, ಒಂದೆರಡು ತಾಸು ಕಳೆಯಲಿ. ಚಾದ ಒಗರು ಸೊಪ್ಪಿನ ಕಬ್ಬಿಣವನ್ನು ಹಿಡಿದುಬಿಡುತ್ತದೆ.

ಈಗ ನೀವು ಕೇಳಿದ ಪ್ರಶ್ನೆಗಳು.

ಶಿರಸಿಯಿಂದ ಮದುವೆಯಾಗಿ ಇಲ್ಲಿಗೆ ಬಂದ ಒಬ್ಬ ತಂಗಿ, ‘ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಮ್ಮ ಗತಿ ಏನು?’ ಎಂದಳು. ಕಬ್ಬಿಣವನ್ನು ಹೆಸರು, ಹುರುಳಿ, ಹರಿವೆ, ರಾಗಿ, ಎಳ್ಳಿನಿಂದ ಹೊಂದಿಸಿಕೊಳ್ಳಬಹುದು, ಪ್ರತಿ ಊಟಕ್ಕೂ ನಿಂಬೆ ಅಥವಾ ನೆಲ್ಲಿಕಾಯಿ ಇರಲಿ. ಬಿ12 ಮಾತ್ರ ಸೊಪ್ಪು ತರಕಾರಿಯಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ಮಜ್ಜಿಗೆಯಲ್ಲಿ ಇದೆ. ತಂಬುಳಿಗೆ ಮಜ್ಜಿಗೆ ಧಾರಾಳವಾಗಿರಲಿ, ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಬಂದರೆ ಮಾತ್ರೆ ತೆಗೆದುಕೊಳ್ಳಲು ಹಿಂಜರಿಯಬೇಡಿ.

‘ಬಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರಂತೆ’ ಎಂಬುದು ಎರಡು ಚೀಟಿಯಲ್ಲಿತ್ತು. ಅದು ಐದಾರು ವಾರಕ್ಕೆ ಎರಡು ಕಿಲೋ ತೂಗುವುದು ತಳಿ ಮತ್ತು ಮೇವಿನ ಬಲದಿಂದ, ಹಾರ್ಮೋನಿನಿಂದ ಅಲ್ಲ. ಆಂಟಿಬಯಾಟಿಕ್ ಬಳಕೆಯ ಚಿಂತೆ ಮಾತ್ರ ನಿಜ. ಕೊಲಿಸ್ಟಿನ್ ಎಂಬ, ಕೊನೆಯ ಆಸರೆಯಾಗಿ ಉಳಿಸಿಕೊಂಡ ಔಷಧವನ್ನು ಕೋಳಿ ಸಾಕಣೆಯಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಅದಕ್ಕೇ.

ಕಡೆಯ ಚೀಟಿ: ‘ಮಾಂಸ ಸರಿಯಾಗಿ ತಿಂದರೆ ಕೆಂಪು ಮಾತ್ರೆ ಬಿಡಬಹುದೇ?’ ಬೇಡ. ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕೆಳಗಿದ್ದರೆ ಊಟವೊಂದರಿಂದಲೇ ಬೇಗ ಏರುವುದಿಲ್ಲ. ಒಂದು ಮಾತ್ರೆಯ ಕಬ್ಬಿಣಕ್ಕೆ ಸಮನಾಗಬೇಕಾದರೆ ಒಂದೂವರೆ ಕಿಲೋಗೂ ಹೆಚ್ಚು ಬೇಯಿಸಿದ ಮಟನ್ ಬೇಕು. ಅತಿ ಮುಟ್ಟು, ಹೊಟ್ಟೆಯ ಕೊಕ್ಕೆಹುಳ ಇದ್ದರೆ ಎಷ್ಟು ತಿಂದರೂ ಸೋರಿಹೋಗುತ್ತದೆ. ತೋಟ ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ಹುಳದ ಮಾತ್ರೆಯ ಬಗ್ಗೆಯೂ ಕೇಳಿ. ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ ನೋಡಿ. ಆಗಲೂ ಒಗ್ಗದಿದ್ದರೆ ಡಬ್ಬಿಯಲ್ಲಿ ಮುಚ್ಚಿಡುವ ಬದಲು ಆಶಾ ಕಾರ್ಯಕರ್ತೆಗೆ ತಿಳಿಸಿ. ಬೇರೆ ಮಾತ್ರೆ ಇದೆ, ಇಂಜೆಕ್ಷನ್ನೂ ಇದೆ.